ಲೀಟರ್ ನೋಡಿ ಆಯಿಲ್ ಪ್ಯಾನ್ ಆರಿಸಿದ್ದೆ

ಮೊನ್ನೆ ಲ್ಯಾಪ್‌ಟಾಪ್‌ನಲ್ಲಿ ಜಾಗ ಖಾಲಿ ಮಾಡುವಾಗ ಟ್ರ್ಯಾಕ್‌ನಲ್ಲಿ ಒಂದು ಎಂಜಿನ್ ಹಾಳಾದ ದಿನದ ಲಾಗ್ ಫೈಲ್ (ಕಾರು ಓಡುವಾಗ ಸೆನ್ಸರ್‌ಗಳು ದಾಖಲಿಸಿದ ಲೆಕ್ಕ) ಸಿಕ್ಕಿತು. ತೆರೆದು ನೋಡಿದೆ. ಆಯಿಲ್ ಪ್ರೆಶರ್‌ನ ಗೆರೆ ಒಂದೇ ಸಮ ಹೋಗುತ್ತಾ ಹೋಗುತ್ತಾ, ಒಂದು ಕಡೆ ದಿಢೀರನೆ ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಮುಂದಿನ ಲ್ಯಾಪ್‌ನಲ್ಲೂ ಅದೇ ಜಾಗ, ಅದೇ ಗುಂಡಿ. ಅವತ್ತು ಇದೇ ಗೆರೆ ನೋಡಿ ನಾನು "ಸೆನ್ಸರ್ ವೈರ್ ಲೂಸ್ ಇರಬೇಕು" ಅಂದಿದ್ದೆ. ನೆನಪಾದರೆ ಇವತ್ತಿಗೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎಂಜಿನ್ ಕಟ್ಟುವ ಕೆಲಸ. ಟ್ರ್ಯಾಕ್‌ನಲ್ಲಿ ಓಡಿಸುವ ಕಾರುಗಳ ಎಂಜಿನ್ ಬಿಚ್ಚಿ, ಅಳೆದು, ಕಟ್ಟಿ, ಡೈನೋ (ಎಂಜಿನ್ನನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ ಕೊಡುತ್ತೇವೆ. ಈ ಕಾರಿನಲ್ಲಿ ಇದ್ದದ್ದು ಜನರಲ್ ಮೋಟರ್ಸ್‌ನ ಎಲ್‌ಎಸ್ ಸರಣಿಯ 6.2 ಲೀಟರ್‌ನ ಎಲ್‌ಎಸ್3 ವಿ8. ಕಾರಿನ ಸ್ವಂತ ಎಂಜಿನ್ ಅಲ್ಲ, ನಾವೇ ಕೂರಿಸಿದ್ದು. ಎಂಜಿನ್ ಜೊತೆ ಬಂದ ಆಯಿಲ್ ಪ್ಯಾನ್, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಕ್ರಾಸ್‌ಮೆಂಬರ್‌ಗೆ (ಕಾರಿನ ಅಡಿಯ ಅಡ್ಡ ತೊಲೆ) ತಾಗುತ್ತಿತ್ತು. ಮುಂದೆ ಸ್ಟೀರಿಂಗ್ ರ‍್ಯಾಕ್ ಬೇರೆ. ಹಾಗಾಗಿ ಮುಂಭಾಗ ತೆಳ್ಳಗಿದ್ದು, ಸಂಪ್ (ಆಯಿಲ್ ನಿಲ್ಲುವ ಆಳದ ಭಾಗ) ಪೂರ್ತಿ ಹಿಂದಿರುವ, ಬೇರೆ ಕಂಪನಿಯ ಪ್ಯಾನ್ ಬೇಕೇ ಬೇಕಿತ್ತು.

ಎರಡು ಪ್ಯಾನ್‌ಗಳು ಪಟ್ಟಿಯಲ್ಲಿ ಉಳಿದವು. ಒಂದು ಐದೂವರೆ ಲೀಟರ್‌ದು. ಒಳಗೆ ಸ್ಟ್ರೈನರ್ (ಪಂಪ್ ಆಯಿಲ್ ಎಳೆಯುವ ಪೈಪ್‌ನ ಜಾಲರಿ ಬಾಯಿ) ಸುತ್ತ ನಾಲ್ಕೂ ಕಡೆ ಟ್ರ್ಯಾಪ್ ಡೋರ್ (ಆಯಿಲನ್ನು ಒಳಕ್ಕೆ ಮಾತ್ರ ಬಿಡುವ ಬಾಗಿಲು) ಇರುವ ಪೆಟ್ಟಿಗೆ. ಬರಲು ನಾಲ್ಕು ವಾರ. ಇನ್ನೊಂದು ಏಳೂವರೆ ಲೀಟರ್‌ದು. ಆಳವಾದ ಹಿಂದಿನ ಸಂಪ್, ಮೇಲೊಂದು ಆಯಿಲ್ ಅಲುಗಾಟ ತಡೆಯುವ ಬ್ಯಾಫಲ್ ತಗಡು, ಕ್ರ್ಯಾಂಕ್ (ಎಂಜಿನ್‌ನ ತಿರುಗುವ ಮುಖ್ಯ ದಂಡ) ಆಯಿಲಿಗೆ ಹೊಡೆಯದ ಹಾಗೆ ತಡೆಯುವ ವಿಂಡೇಜ್ ಟ್ರೇ. ಇದು ತಕ್ಷಣ ಸಿಗುತ್ತಿತ್ತು. ಮ್ಯಾನೇಜರ್ ಆಗಲೇ ಡೆಲಿವರಿ ತಾರೀಖು ಹೇಳಿ ಆಗಿತ್ತು. ನಮ್ಮ ಖರೀದಿ ಶೀಟ್‌ನಲ್ಲಿ ಇರುವ ಕಾಲಂಗಳು ಯಾವುವು ಅಂದರೆ ದರ, ಎಷ್ಟು ಲೀಟರ್, ಎಷ್ಟು ದಿನ. ಒಳಗೆ ಏನಿದೆ ಅಂತ ಬರೆಯಲು ಜಾಗವೇ ಇಲ್ಲ. ಇದನ್ನು ನಾನು ಮೊದಲೂ ಹೇಳಿದ್ದೆ, ಆಮೇಲೂ ಹೇಳಿದ್ದೇನೆ. ಆದರೆ ಅವತ್ತು ಸಹಿ ಹಾಕಿದವನು ನಾನೇ. ಎರಡು ಲೀಟರ್ ಆಯಿಲ್ ಜಾಸ್ತಿ ಇದ್ದರೆ ಎಂಜಿನ್‌ಗೆ ಒಳ್ಳೆಯದೇ ಅಲ್ವಾ ಅಂದುಕೊಂಡೆ.

ಕೂರಿಸುವ ಕೆಲಸದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಪ್ಯಾನ್ ಒಳಗೆ ವೆಲ್ಡಿಂಗ್ ಗುಂಡುಗಳು ಉಳಿದಿದ್ದವು, ಉಗುರಿನಲ್ಲಿ ಹುಡುಕಿ ಹುಡುಕಿ ತೆಗೆದು ಮೂರು ಸಲ ತೊಳೆದೆವು. ಸ್ಟ್ರೈನರ್ ಬಾಯಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಗ್ಯಾಸ್ಕೆಟ್ ಸಮೇತ ಪ್ಯಾನ್ ಬಿಗಿದು, ಬಿಚ್ಚಿ ಅಳೆದರೆ ತಳಕ್ಕೂ ಬಾಯಿಗೂ 8 ಮಿಲಿಮೀಟರ್. 6ರಿಂದ 10ರ ಒಳಗೆ ಇದ್ದರೆ ಸರಿ. ಸ್ಟ್ರೈನರ್‌ನಿಂದ ಪಂಪ್‌ಗೆ ಹೋಗುವ ಪಿಕಪ್ ಪೈಪ್‌ನ ಓ ರಿಂಗ್ (ರಬ್ಬರ್ ಬಳೆ) ಹೊಸದು ಹಾಕಿದೆವು. ಅದು ಸ್ವಲ್ಪ ಮಡಚಿಕೊಂಡರೂ ಪಂಪ್ ಗಾಳಿ ಎಳೆಯುತ್ತದೆ, ಎಲ್‌ಎಸ್ ಕಟ್ಟುವ ಎಲ್ಲರಿಗೂ ಅದರ ಭಯ ಇದ್ದೇ ಇರುತ್ತದೆ. ಆಯಿಲ್ ಮಟ್ಟ ನೋಡುವ ಹಳೇ ಕಡ್ಡಿಗೆ ಹೊಸ ಪ್ಯಾನ್‌ನ ಲೆಕ್ಕ ಗೊತ್ತಿರುವುದಿಲ್ಲ, ಹಾಗಾಗಿ ಆಯಿಲ್ ಅಳೆದು ಹಾಕಿ ಕಡ್ಡಿ ಮೇಲೆ ಹೊಸ ಗೆರೆ ಕೊರೆದೆವು.

ಡೈನೋ ಮೇಲೆ ಎಲ್ಲಾ ಚೆನ್ನಾಗಿತ್ತು. ಆಯಿಲ್ ಪ್ರೆಶರ್ ಬಿಸಿ ಐಡಲ್‌ನಲ್ಲಿ 2 ಬಾರ್. 5,800 ಆರ್‌ಪಿಎಂಗೆ 4.2 ಬಾರ್. 1,000 ಆರ್‌ಪಿಎಂಗೆ 0.7 ಬಾರ್ ಇರಬೇಕು ಅನ್ನುವ ಹಳೇ ಲೆಕ್ಕಕ್ಕೆ ಸರಿಯಾಗಿ ಕೂತಿತು. ನಾನು ನೆಮ್ಮದಿಯಾಗಿ ಶೀಟ್‌ಗೆ ಟಿಕ್ ಹಾಕಿದೆ. ಡೈನೋ ಮೇಲೆ ಎಂಜಿನ್ ಬ್ರೇಕ್ ಹಾಕುವುದಿಲ್ಲ, ತಿರುಗುವುದಿಲ್ಲ. ನಿಂತಲ್ಲೇ ನಿಂತಿರುತ್ತದೆ. ಆ ಮಾತು ಆಗ ತಲೆಗೆ ಬರಲೇ ಇಲ್ಲ.

ಟ್ರ್ಯಾಕ್‌ನಲ್ಲಿ ಮೊದಲ ಸೆಷನ್ ಮುಗಿಸಿ ಬಂದ ಡ್ರೈವರ್, "ಆಯಿಲ್ ಲೈಟ್ ಒಂದೆರಡು ಸಲ ಮಿಣುಕಿತು" ಅಂದರು. ಲಾಗ್ ಇಳಿಸಿ ನೋಡಿದೆವು. ನೇರ ರಸ್ತೆಯ ಕೊನೆಯಲ್ಲಿ ಜೋರಾಗಿ ಬ್ರೇಕ್ ಹಾಕಿ ಬಲಕ್ಕೆ ತಿರುಗುವ ಕಡೆ ಪ್ರೆಶರ್ 1.1 ಬಾರ್‌ಗೆ ಬಿದ್ದಿತ್ತು. ಸೆಕೆಂಡ್ ಕೂಡ ಪೂರ್ತಿ ಇಲ್ಲ, ಮತ್ತೆ ಮೇಲೆ ಬಂದಿತ್ತು. ಡೈನೋದಲ್ಲಿ ಅದೇ ಸೆನ್ಸರ್‌ನ ಕನೆಕ್ಟರ್ ಒಂದು ಸಲ ತೊಂದರೆ ಕೊಟ್ಟಿತ್ತು. ಅದೇ ಮನಸ್ಸಿನಲ್ಲಿತ್ತು. ಕನೆಕ್ಟರ್ ಬಿಚ್ಚಿ, ಪಿನ್ ಬಿಗಿ ಮಾಡಿ, ಟೈ ಹಾಕಿದೆ.

ನಮ್ಮ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದ. "ಅಣ್ಣಾ, ಪ್ರತಿ ಲ್ಯಾಪೂ ಅದೇ ತಿರುವಲ್ಲೇ ಬೀಳ್ತಿದೆ" ಅಂದ.

ಆ ಒಂದು ಮಾತಿನಲ್ಲಿ ಎಲ್ಲಾ ಇತ್ತು. ಲೂಸ್ ವೈರ್‌ಗೆ ತಿರುವು ಗೊತ್ತಾಗುವುದಿಲ್ಲ. ಅದು ಉಬ್ಬಿನ ಮೇಲೆ ಕುಣಿಯುತ್ತದೆ, ನೇರದಲ್ಲೂ ಕುಣಿಯುತ್ತದೆ. ಅವನು ಹೇಳಿದ್ದು ಕಿವಿಗೆ ಬಿತ್ತು, ಆದರೆ ಎರಡನೇ ಸೆಷನ್‌ಗೆ ಹತ್ತೇ ನಿಮಿಷ ಇತ್ತು. "ಆಯಿಲ್ ಸ್ವಲ್ಪ ಕಮ್ಮಿ ಇರಬಹುದು" ಅಂತ ಹೇಳಿ ಕಡ್ಡಿಯ ಗೆರೆಗಿಂತ ಮೇಲೆ ಅರ್ಧ ಲೀಟರ್ ಹಾಕಿಸಿದೆ. ಒಂದು ತಪ್ಪಿನ ಮೇಲೆ ಇನ್ನೊಂದು. ಗೆರೆ ಮೀರಿ ಹಾಕಿದ ಆಯಿಲನ್ನು ಕ್ರ್ಯಾಂಕ್ ಹೊಡೆದು ನೊರೆ ಮಾಡುತ್ತದೆ. ನೊರೆ ಅಂದರೆ ಗಾಳಿ, ಗಾಳಿ ಬೇರಿಂಗನ್ನು ಹೊರುವುದಿಲ್ಲ.

ಎರಡನೇ ಸೆಷನ್‌ನಲ್ಲಿ ನಾನು ಗೋಡೆ ಪಕ್ಕ ನಿಂತಿದ್ದೆ. ನಾಲ್ಕನೇ ಲ್ಯಾಪ್‌ನಲ್ಲಿ ಕಾರು ಎದುರಿಗೆ ಹಾದು ಹೋದಾಗ ಎಗ್ಸಾಸ್ಟ್ ಸದ್ದಿನ ಕೆಳಗೆ ಇನ್ನೊಂದು ಸದ್ದು ಇತ್ತು. ಒಣ ಮರಕ್ಕೆ ಸುತ್ತಿಗೆ ತಾಗಿದ ಹಾಗೆ, ಟಕ ಟಕ ಟಕ. ಮೊದಲು ನನ್ನ ಕಿವಿಯನ್ನೇ ಅನುಮಾನಿಸಿದೆ. ಹುಡುಗನ ಮುಖ ನೋಡಿದೆ, ಅವನಿಗೂ ಕೇಳಿಸಿತ್ತು. ರೇಡಿಯೋದಲ್ಲಿ "ಎಂಜಿನ್ ಆಫ್ ಮಾಡಿ, ಈಗಲೇ ಆಫ್ ಮಾಡಿ" ಅಂತ ಕೂಗಿದೆ. ಡ್ರೈವರ್ ಕ್ಲಚ್ ಒತ್ತಿ, ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದರು. ಕಾರನ್ನು ಹಗ್ಗ ಕಟ್ಟಿ ಎಳೆದು ತರುವವರೆಗಿನ ಆ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ.

ಗ್ಯಾರೇಜ್‌ಗೆ ತಂದು ಮೊದಲು ಫಿಲ್ಟರ್ ಕತ್ತರಿಸಿದೆವು. ಮಡಿಕೆ ಬಿಡಿಸಿದರೆ ಬಣ್ಣ ಬಣ್ಣದ ಮಿಂಚು. ಬೇರಿಂಗ್ ಲೋಹ. ಎರಡನೇ ರಾಡ್‌ನ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ದಂಡ) ಕ್ಯಾಪ್ ತೆಗೆದಾಗ ಬೇರಿಂಗ್ ಶೆಲ್ ಮೇಲಿನ ಪದರ ಸವೆದು ತಾಮ್ರ ಕಾಣುತ್ತಿತ್ತು. ಕ್ರ್ಯಾಂಕ್‌ನಲ್ಲಿ ಬೇರಿಂಗ್ ಕೂರುವ ಜಾಗದ (ಜರ್ನಲ್) ಮೇಲೆ ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಕ್ರ್ಯಾಂಕನ್ನು 0.25 ಮಿಲಿಮೀಟರ್ ಅಂಡರ್‌ಸೈಜ್‌ಗೆ ಗ್ರೈಂಡ್ ಮಾಡಿಸಬೇಕಾಯಿತು. ಇನ್ನೆರಡು ಲ್ಯಾಪ್ ಬಿಟ್ಟಿದ್ದರೆ ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತಿತ್ತು.

ಮಾಲೀಕರಿಗೆ ನಾನೇ ಫೋನ್ ಮಾಡಿ, ಪ್ಯಾನ್ ಆರಿಸಿದ್ದು ನಾನು, ತಪ್ಪು ನನ್ನದು ಅಂದೆ. ಮ್ಯಾನೇಜರ್‌ಗೆ ಇದು ಇಷ್ಟ ಆಗಲಿಲ್ಲ. ಪ್ಯಾನ್ ಮಾಡಿದವರ ಮೇಲೆ ಹಾಕೋಣ ಅನ್ನುವುದು ಅವರ ಮಾತು. ಆದರೆ ಪ್ಯಾನ್ ಜೊತೆ ಬಂದ ಕಾಗದದಲ್ಲೇ ಡ್ರ್ಯಾಗ್ ರೇಸ್‌ಗೆ ಅಂತ ಬರೆದಿತ್ತು. ಡ್ರ್ಯಾಗ್ ಕಾರು ಫುಲ್ ಲೋಡ್‌ನಲ್ಲಿ ಮುಂದಕ್ಕೆ ನುಗ್ಗುತ್ತದೆ ಅಷ್ಟೇ. ಆಯಿಲ್ ಎಲ್ಲಾ ಹಿಂದಕ್ಕೆ, ಸಂಪ್ ಒಳಗೆ, ಸ್ಟ್ರೈನರ್ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಆ ಕೆಲಸಕ್ಕೆ ಅದು ಒಳ್ಳೆಯ ಪ್ಯಾನ್. ಟ್ರ್ಯಾಕ್‌ನಲ್ಲಿ ಬ್ರೇಕ್ ಹಾಕಿದಾಗ ಅದೇ ಆಯಿಲ್ ಮುಂದಿನ ತೆಳು ಭಾಗಕ್ಕೆ ಓಡುತ್ತದೆ. ಅದನ್ನು ತಡೆಯಲು ಒಳಗೆ ಬಾಗಿಲೇ ಇರಲಿಲ್ಲ. ಏಳೂವರೆ ಲೀಟರ್ ಇತ್ತು, ಸ್ಟ್ರೈನರ್ ಹತ್ತಿರ ಇರಲಿಲ್ಲ.

ಆಮೇಲೆ ನಮ್ಮ ಹಿರಿಯ ಮೇಸ್ತ್ರಿ ಒಂದು ಪರೀಕ್ಷೆ ಹೇಳಿಕೊಟ್ಟರು. ಕಾರಿನ ಮೇಲೆ ಪಕ್ಕಕ್ಕೆ 1 ಜಿ (ಕಾರಿನ ತೂಕದಷ್ಟೇ ಬಲ) ಬಿದ್ದರೆ ಆಯಿಲ್‌ನ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಅಂದರೆ ಪ್ಯಾನನ್ನೇ ಬೆಂಚ್ ಮೇಲೆ 45 ಡಿಗ್ರಿ ವಾಲಿಸಿದರೆ ಸ್ಟ್ರೈನರ್‌ಗೆ ಏನಾಗುತ್ತದೆ ಅಂತ ಕಣ್ಣಲ್ಲೇ ನೋಡಬಹುದು. ಪಿಕಪ್ ಪೈಪನ್ನು ಅದರ ಜಾಗದಲ್ಲಿ ಕಟ್ಟಿ, ಪ್ಯಾನ್ ಬಾಯಿಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಬಿಗಿದು, ತೆಳುವಾದ ಆಯಿಲ್ ಹಾಕಿ ಮುಂಭಾಗ ತಗ್ಗಿಸಿದೆವು. ಪೂರ್ತಿ ಏಳೂವರೆ ಲೀಟರ್ ಇದ್ದಾಗ ಸ್ಟ್ರೈನರ್ ಹೇಗೋ ಮುಳುಗಿಯೇ ಇತ್ತು. ನನಗೆ ಒಂದು ಕ್ಷಣ ಗೊಂದಲ ಆಯಿತು. ಮೇಸ್ತ್ರಿ, "ಓಡೋವಾಗ ಅಷ್ಟೂ ಆಯಿಲ್ ಕೆಳಗೆ ಇರುತ್ತೇನಪ್ಪಾ? ಹೆಡ್‌ನಲ್ಲಿ ಎಷ್ಟು, ಗ್ಯಾಲರೀಲಿ ಎಷ್ಟು?" ಅಂದರು. ಎರಡು ಲೀಟರ್ ತೆಗೆದು ಮತ್ತೆ ವಾಲಿಸಿದೆವು. ಆಯಿಲ್ ಮೆಲ್ಲಗೆ ಮುಂದಕ್ಕೆ ಸರಿಯಿತು, ಸ್ಟ್ರೈನರ್‌ನ ಜಾಲರಿಯ ಒಂದು ಅಂಚು ಹೊಳೆಯಿತು, ಆಮೇಲೆ ಅರ್ಧ ಬಾಯಿ ಗಾಳಿಯಲ್ಲಿ ನಿಂತಿತು. ಮೂಲೆ ಕಡೆಗೆ, ಅಂದರೆ ಬ್ರೇಕ್ ಮತ್ತು ತಿರುವು ಎರಡೂ ಸೇರಿದ ಹಾಗೆ ವಾಲಿಸಿದಾಗ ಪೂರ್ತಿ ಬಾಯಿ ಹೊರಗೆ.

ನಿಜವಾದ ಎಂಜಿನ್‌ನಲ್ಲಿ ಆಯಿಲ್‌ಗೆ ತಡೆಯಾಗಿ ಅಕ್ರಿಲಿಕ್ ಹಾಳೆ ಇರುವುದಿಲ್ಲ, ಬ್ಲಾಕ್ ಒಳಗೆ ಇನ್ನೂ ಮೇಲಕ್ಕೆ ಏರುತ್ತದೆ. ಹಾಗಾಗಿ ಬೆಂಚ್ ಮೇಲೆ ಪಾಸಾದ ಪ್ಯಾನ್ ಟ್ರ್ಯಾಕ್‌ನಲ್ಲೂ ಪಾಸಾಗುತ್ತದೆ ಅಂತ ನಂಬುವ ಹಾಗಿಲ್ಲ. ಬೆಂಚ್ ಮೇಲೆ ಫೇಲ್ ಆದದ್ದನ್ನು ಮಾತ್ರ ಕಾರಿಗೆ ಹಾಕಲೇಬೇಡಿ. ಸ್ಲಿಕ್ ಟೈರ್ (ಗೀರಿಲ್ಲದ, ಹಿಡಿತ ಜಾಸ್ತಿ ಇರುವ ರೇಸ್ ಟೈರ್) ಇರುವ ಕಾರು 1 ಜಿ ದಾಟುತ್ತದೆ, ಅದಕ್ಕೆ ಇನ್ನೂ ಜಾಸ್ತಿ ವಾಲಿಸಿ ನೋಡಬೇಕು.

ನಾಲ್ಕು ವಾರ ಕಾದು ಐದೂವರೆ ಲೀಟರ್‌ದನ್ನೇ ತರಿಸಿದೆವು. ಡಬ್ಬ ಬಿಚ್ಚಿದ ಕೂಡಲೇ ಬೆರಳಿನಿಂದ ಒಂದೊಂದು ಬಾಗಿಲನ್ನೂ ತಳ್ಳಿ ನೋಡಿದೆ. ಒಳಕ್ಕೆ ತಳ್ಳಿದರೆ ಸಲೀಸಾಗಿ ತೆರೆಯಬೇಕು, ಬಿಟ್ಟರೆ ಟಿಕ್ ಅಂತ ಮುಚ್ಚಬೇಕು, ಹೊರಕ್ಕೆ ತೆರೆಯಲೇ ಕೂಡದು. ನಾಲ್ಕರಲ್ಲಿ ಒಂದು ಬಾಗಿಲು ಹಿಂಜ್ ಹತ್ತಿರ ಉಜ್ಜುತ್ತಿತ್ತು, ಅರದಿಂದ ಸರಿ ಮಾಡಿದೆವು. ಪೆಟ್ಟಿಗೆ ಒಳಗೆ ಎಷ್ಟು ಹಿಡಿಯುತ್ತದೆ ಅಂತ ಅಳೆದೆವು, ಸುಮಾರು ಒಂದೂವರೆ ಲೀಟರ್. ಪಂಪ್ ಮೇಲಿನ ಆರ್‌ಪಿಎಂನಲ್ಲಿ ಸೆಕೆಂಡಿಗೆ ಅರ್ಧ ಲೀಟರ್ ಹತ್ತಿರ ಎಳೆಯುತ್ತದೆ ಅಂತ ಹಿಡಿದರೆ, ಹೊರಗಿನಿಂದ ಒಂದು ಹನಿ ಬಾರದಿದ್ದರೂ ಮೂರು ಸೆಕೆಂಡ್ ಸಿಗುತ್ತದೆ. ಆ ತಿರುವಿಗೆ ಅಷ್ಟು ಸಾಕು. ಉದ್ದನೆಯ ತಿರುವು ಇರುವ ಟ್ರ್ಯಾಕ್‌ಗೆ ಅಕ್ಯುಮುಲೇಟರ್ (ಒತ್ತಡದಲ್ಲಿ ಆಯಿಲ್ ಕೂಡಿಟ್ಟು, ಪ್ರೆಶರ್ ಬಿದ್ದಾಗ ಕೊಡುವ ಡಬ್ಬ) ಸೇರಿಸಬೇಕು, ಇಲ್ಲ ಆಯಿಲನ್ನು ಪ್ಯಾನ್ ಬದಲು ಬೇರೆ ಟ್ಯಾಂಕ್‌ನಲ್ಲಿ ಇಡುವ ಡ್ರೈ ಸಂಪ್‌ಗೆ ಹೋಗಬೇಕು. 2006ರ ಕಾರ್ವೆಟ್ ಝಡ್06ಗೆ ಅಂತ ತಂದ ಎಲ್‌ಎಸ್7 ಎಂಜಿನ್ ಫ್ಯಾಕ್ಟರಿಯಿಂದಲೇ ಡ್ರೈ ಸಂಪ್ ಜೊತೆ ಬಂದಿತ್ತು ಅನ್ನುವುದು ಸುಮ್ನೆ ಅಲ್ಲ.

ಈಗ ಯಾರಾದರೂ ಪ್ಯಾನ್ ಬೇಕು ಅಂತ ಬಂದರೆ ನಾನು ಮೊದಲು ಕೇಳುವುದು ಕಾರು ಎಲ್ಲಿ ಓಡುತ್ತದೆ, ಯಾವ ಟೈರ್ ಅಂತ. ಆಮೇಲೆ ಪ್ಯಾನ್ ಒಳಗಿನ ಫೋಟೋ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಜಾಸ್ತಿ ಮಾಡಿದ್ದರೆ ರಾಡ್ ಬೋಲ್ಟ್ ಟ್ರೇಗೆ ತಾಗುತ್ತದಾ, ಟರ್ಬೋ ಇದ್ದರೆ ಅದರಿಂದ ಆಯಿಲ್ ವಾಪಸ್ ಬರುವ ಡ್ರೈನ್ ಪೈಪ್, ಪ್ಯಾನ್‌ನ ಆಯಿಲ್ ಮಟ್ಟಕ್ಕಿಂತ ಮೇಲೆ ಬರುತ್ತದಾ, ಪ್ಯಾನ್‌ನ ತಳ ಕ್ರಾಸ್‌ಮೆಂಬರ್‌ಗಿಂತ ಕೆಳಗೆ ಜೋತು ಬೀಳುತ್ತದಾ. ಅಲ್ಯೂಮಿನಿಯಂಗೆ ಕಲ್ಲು ತಾಗಿದರೆ ಸೀಳಬಹುದು, ಉಕ್ಕಾದರೆ ಹೆಚ್ಚಾಗಿ ತಗ್ಗು ಬೀಳುತ್ತದೆ. ಲೀಟರ್ ಲೆಕ್ಕ ಇದೆಲ್ಲಾ ಆದ ಮೇಲೆ. ಖರೀದಿ ಶೀಟ್‌ನಲ್ಲಿ ಇನ್ನೂ ಆ ಕಾಲಂ ಬಂದಿಲ್ಲ. ನಾನೇ ಪೆನ್ನಿನಲ್ಲಿ ಪಕ್ಕಕ್ಕೆ ಬರೆದು ಕಳಿಸುತ್ತೇನೆ.

ಹೊಸ ಪ್ಯಾನ್ ಹಾಕಿ ಅದೇ ಟ್ರ್ಯಾಕ್‌ಗೆ ಹೋದ ದಿನ ಮೂರು ಸೆಷನ್ ಓಡಿಸಿದೆವು. ಒಂದೊಂದು ಮುಗಿದ ಕೂಡಲೇ ಹುಡುಗನೇ ಲಾಗ್ ತೆರೆದು ಆ ತಿರುವಿನ ಹತ್ತಿರ ದೊಡ್ಡದು ಮಾಡಿ ನನ್ನ ಕಡೆ ತಿರುಗಿಸುತ್ತಿದ್ದ. ಪ್ರೆಶರ್‌ನ ಗೆರೆ 3.9 ಬಾರ್‌ಗಿಂತ ಕೆಳಗೆ ಇಳಿಯಲಿಲ್ಲ. ಸಂಜೆ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ದೀಪದ ಕೆಳಗೆ ಹಿಡಿದ. ಇಬ್ಬರೂ ತುಂಬಾ ಹೊತ್ತು ನೋಡಿದೆವು. ಬರೀ ಆಯಿಲ್ ಇತ್ತು.