ಹೆರಾಲ್ಡ್ ಡೈರಿ: ಬಣ್ಣ ಮುಗೀತು, ಎಡಬಾಗಿಲು ಮಾತ್ರ ಕೂರಲಿಲ್ಲ

ಹೋದ ಸಲ ಬರೆದಾಗ ಗಾಡಿ ನಮ್ಮ ಹಿತ್ತಲಲ್ಲಿ ಮೂರು ಪಾಲಾಗಿತ್ತು. ಚಾಸಿ ಇಟ್ಟಿಗೆ ಮೇಲೆ, ಹಿಂದಿನ ಬಾಡಿ ಹಳೇ ಮಂಚದ ಮೇಲೆ, ಬಾನೆಟ್ಟು ಗೋಡೆಗೆ ಒರಗಿಕೊಂಡು. ಆಮೇಲೆ ಐದು ತಿಂಗಳು ಸುದ್ದಿಯೇ ಇಲ್ಲ ಅಂತ ಕೆಲವರು ಕೇಳಿದಿರಿ. ಸುಮ್ನೆ ಕೂತಿರಲಿಲ್ಲ. ಬಣ್ಣ ಆಗಿದೆ, ಜೋಡಣೆ ಆಗಿದೆ, ಗಾಡಿ ತನ್ನ ಕಾಲ ಮೇಲೆ ಗೇಟು ದಾಟಿ ವಾಪಸ್ ಬಂದಿದೆ. ನಡುವೆ ಏನೇನಾಯ್ತು ಅನ್ನೋದು ಇಲ್ಲಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು 1967ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ದೊಡ್ಡಪ್ಪನದು. ಅವರು ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರು. ಆರ್‌ಸಿ ಪುಸ್ತಕದಲ್ಲಿ ರಾಜ್ಯ ಮೈಸೂರು, ಜಿಲ್ಲೆ ಚಿತ್ರದುರ್ಗ. ನಮ್ಮೂರು ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಅಷ್ಟೊತ್ತಿಗೆ ಗಾಡಿ ಗೋಡೌನ್ ಸೇರಿ, ಮೇಲೆ ಗೋಣಿಚೀಲ ಹೊದ್ದು ಮಲಗಿಬಿಟ್ಟಿತ್ತು.

"ಇದನ್ನ ಸ್ಪೋರ್ಟ್ಸ್ ಕಾರು ಅಂತೀಯಲ್ಲ, ನಾಚಿಕೆ ಆಗಲ್ವಾ" ಅಂತ ತಮ್ಮ ರೇಗಿಸುತ್ತಾನೆ. 948 ಸಿಸಿ ಇಂಜಿನ್ನು, ನಾಲ್ಕು ಜನ ಕೂತರೆ ಏರಿನಲ್ಲಿ ಏದುಸಿರು. ಒಪ್ಪಿದೆ. ಆದರೆ ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೆರಾಲ್ಡ್ ತಂದಿತು. 1962ರಲ್ಲಿ ಅದೇ ಚಾಸಿಯನ್ನು ಗಿಡ್ಡ ಮಾಡಿ ಸ್ಪಿಟ್‌ಫೈರ್ ಅನ್ನುವ ಓಪನ್ ಸ್ಪೋರ್ಟ್ಸ್ ಕಾರು ಮಾಡಿತು. ಎರಡನ್ನೂ ಡಿಸೈನ್ ಮಾಡಿದ್ದು ಇಟಲಿಯ ಮಿಕೆಲೊಟ್ಟಿ. ನಮ್ಮ ದೇಶಕ್ಕೆ ಹೆರಾಲ್ಡ್ ಮಾತ್ರ ಬಂತು, 1961ರಿಂದ ಮದ್ರಾಸಿನಲ್ಲಿ ತಯಾರಾಯಿತು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಸ್ಪೋರ್ಟ್ಸ್ ಕಾರಿನ ಅಣ್ಣ. ಸಂಬಂಧ ಸುಮ್ಮನೆ ಹೇಳಿಕೊಳ್ಳೋದಕ್ಕಲ್ಲ. ಸ್ಪಿಟ್‌ಫೈರ್ 3 ಲಕ್ಷಕ್ಕೂ ಜಾಸ್ತಿ ಮಾರಾಟವಾದ ಗಾಡಿ. ಅದರ ಮುಂದಿನ ಸಸ್ಪೆನ್ಷನ್ ಸಾಮಾನು ಇವತ್ತಿಗೂ ಹೊಸದಾಗಿ ಸಿಗುತ್ತದೆ, ನಮ್ಮದಕ್ಕೂ ಕೂರುತ್ತದೆ.

ನವೆಂಬರ್

ಬಾಗಿಲ ಕೆಳಗಿನ ಸಿಲ್ ಬಿಚ್ಚಿದಾಗ ಒಳಗೆ ಹತ್ತಿ. ಇಲಿಗಳು ಗೋಡೌನಿನ ಹತ್ತಿಯನ್ನೆಲ್ಲ ಒಳಗೆ ತುಂಬಿ ಗೂಡು ಮಾಡಿದ್ದವು. ನಮ್ಮೂರಿನ ಒಣ ಹವೆಗೆ ಚಾಸಿ ಅಷ್ಟೇನೂ ತುಕ್ಕು ಹಿಡಿದಿರಲಿಲ್ಲ. ಆದರೆ ಈ ಹತ್ತಿ ಮಳೆಗಾಲದ ತೇವ ಹಿಡಿದುಕೊಂಡು ಎಡಗಡೆ ಸಿಲ್ಲನ್ನು ಹಪ್ಪಳ ಮಾಡಿತ್ತು. ಬೆರಳು ಒತ್ತಿದರೆ ಆಚೆ ಬರುತ್ತಿತ್ತು. ಪುಣ್ಯಕ್ಕೆ ಹೆರಾಲ್ಡಿನಲ್ಲಿ ಸಿಲ್ ಬೋಲ್ಟಿನಲ್ಲಿ ಕೂರುತ್ತದೆ. ಪೂರ್ತಿ ಬಾಡಿ ಒತ್ತಿಕೊಡುವ ಕಾರ್ಖಾನೆ ಸಿಗದೆ ಟ್ರಯಂಫ್‌ನವರು ಇದನ್ನು ತುಂಡು ತುಂಡಾಗಿ ಮಾಡಿ ಬೋಲ್ಟ್ ಹಾಕಿ ಸೇರಿಸಿದರಂತೆ. ಅವರ ಕಷ್ಟ ನನಗೆ ಅನುಕೂಲ. ತಗಡು ಬಗ್ಗಿಸಿ ಹೊಸ ಸಿಲ್ ಮಾಡಿಸಿದೆ.

ಯಾವ ಬಣ್ಣ ಅನ್ನೋದಕ್ಕೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ. ಬಾಗಿಲಿನ ಒಳಹೊದಿಕೆ ತೆಗೆದಾಗ ಚರ್ಚೆ ಮುಗಿಯಿತು. ಹೊರಗೆ ಮೂರು ಸಲ ಬೇರೆ ಬೇರೆ ಬಣ್ಣ ಬಳಿದಿದ್ದರೂ ಒಳಗೆ ಮೊದಲಿನ ತಿಳಿ ನೀಲಿ ಹಾಗೇ ಇತ್ತು.

ಬಣ್ಣದ ಜಾತಿ ಯಾವುದು ಅನ್ನೋದು ಇನ್ನೊಂದು ಪ್ರಶ್ನೆ. ಈಗ ಗ್ಯಾರೇಜುಗಳಲ್ಲಿ ಹೊಡೆಯುವುದು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರಿಥೇನ್) ಬಣ್ಣ. ಹೊಳಪು ಜಾಸ್ತಿ, ಬಾಳಿಕೆ ಜಾಸ್ತಿ. ಆದರೆ ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಹೊರಗಿನ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್ ಇಲ್ಲದೆ ಮನೆಯಲ್ಲಿ ಹೊಡೆಯಬಾರದು. ಹಿತ್ತಲಲ್ಲಿ ಅಮ್ಮ ಬಟ್ಟೆ ಒಣಹಾಕುತ್ತಾರೆ, ಪಕ್ಕದ ಮನೆಯ ಮಗು ಆಡುತ್ತದೆ. ಹಾಗಾಗಿ ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣವೇ ಸಾಕು ಅಂದುಕೊಂಡೆ. ಅದನ್ನೂ ಮಾಸ್ಕ್ ಇಲ್ಲದೆ, ಬೀಡಿ ಹಚ್ಚಿದವರನ್ನು ಪಕ್ಕದಲ್ಲಿಟ್ಟುಕೊಂಡು ಹೊಡೆಯಬಾರದು, ಬೇಗ ಹೊತ್ತಿಕೊಳ್ಳುತ್ತದೆ. ಎನ್‌ಸಿಗೆ ಇನ್ನೊಂದು ಗುಣ ಇದೆ, ಬೇಗ ಒಣಗುತ್ತದೆ. ಹತ್ತು ನಿಮಿಷಕ್ಕೆ ಧೂಳು ಅಂಟಲ್ಲ. ದಾವಣಗೆರೆಯಲ್ಲಿ ಇದು ಸಣ್ಣ ವಿಷಯವಲ್ಲ.

ಬೋನಿಗೆ ಬಿದ್ದಿದ್ದು ಮೊದಲ ದಿನವೇ. ಮೋಡ ಮುಸುಕಿದ ಬೆಳಿಗ್ಗೆ, ಹಿಂದಿನ ರಾತ್ರಿ ಮಳೆ. ನನಗೆ ತಡೆಯಲಿಲ್ಲ, ಬೂಟಿನ ಮುಚ್ಚಳಕ್ಕೆ ಹೊಡೆದೆ. ಕಣ್ಣೆದುರೇ ನೀಲಿ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯ್ತು. ತಿನ್ನರ್ ಆವಿಯಾಗುವಾಗ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಬಂದು ಅದರ ಮೇಲೆ ಕೂರುತ್ತದೆ. ತಂಬಿಗೆಯಲ್ಲಿ ತಣ್ಣೀರು ಹಾಕಿದರೆ ಹೊರಗೆ ಬೆವರುತ್ತಲ್ಲ, ಹಾಗೇ. ಎಲ್ಲಾ ಕೆರೆಯಬೇಕು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಪೇಂಟರ್ ಚಾಚಾ ಬಂದರು. ಬಿಸಿಲು ಬರುವವರೆಗೆ ಕಾದು, ನಿಧಾನಕ್ಕೆ ಆರುವ ರಿಟಾರ್ಡರ್ ತಿನ್ನರ್ ಬೆರೆಸಿ ತೆಳ್ಳಗೆ ಒಂದು ಕೈ ಹೊಡೆದರು. ಬಿಳಿ ಕರಗಿ ಹೋಯ್ತು. "ಬಣ್ಣಕ್ಕೆ ಅರ್ಜೆಂಟ್ ಇಲ್ಲ ಸಾರ್, ನಿಮಗೆ ಅರ್ಜೆಂಟ್" ಅಂದು ಚಹಾ ಕುಡಿದು ಹೋದರು.

ಅವರೇ ಇನ್ನೊಂದು ಮಾತು ಹೇಳಿದ್ದರು. "ಮೊದಲು ಎಲ್ಲಾ ಕಟ್ಟಿ ನೋಡ್ರಿ, ಬಾಗಿಲು ಕೂರಿಸ್ರಿ, ಆಮೇಲೆ ಬಿಚ್ಚಿ ಬಣ್ಣ ಹೊಡೀರಿ." ಚಾಸಿ ಕೆಲಸ ಇನ್ನೂ ಬಾಕಿ ಇದೆ, ಆಮೇಲೆ ನೋಡೋಣ ಅಂದೆ. ಇದನ್ನು ನೆನಪಿಟ್ಟುಕೊಳ್ಳಿ.

ಡಿಸೆಂಬರ್

ಈ ತಿಂಗಳು ಉಜ್ಜಿದ್ದೇ ಉಜ್ಜಿದ್ದು. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜು ಬಿದ್ದ ಹಾಗೆ ಲೈಟಾಗಿ ಹೊಡೆಯುವುದು. ಮರದ ತುಂಡಿಗೆ 320ರ ವಾಟರ್ ಪೇಪರ್ ಸುತ್ತಿ ನೀರು ಹಾಕಿ ಉಜ್ಜುವುದು. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿದ ಕಡೆ ಉಳಿಯುತ್ತದೆ. ಬಲಬಾಗಿಲಿನ ನಡುವೆ ಅಂಗೈ ಅಗಲದ ಕಪ್ಪು ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಣ್ಣಿಗೆ ಏನೂ ಕಾಣದು. ಕಣ್ಣು ಮುಚ್ಚಿ ಅಂಗೈ ಸವರಿದರೆ ಸಿಗುತ್ತದೆ, ತಟ್ಟೆ ಇಡ್ಲಿಯ ನಡುವಿನ ತಗ್ಗಿನ ಹಾಗೆ. ಪುಟ್ಟಿ, ಮತ್ತೆ ಪ್ರೈಮರ್, ಮತ್ತೆ ಕಪ್ಪು, ಮತ್ತೆ ಉಜ್ಜು. ನಾಲ್ಕನೇ ಸಲಕ್ಕೆ ಕಲೆ ಪೂರ್ತಿ ಹೋಯ್ತು. ಬೆರಳ ತುದಿಯ ಗೆರೆಯೂ ಹೋಗಿ, ಮೊಬೈಲ್ ನನ್ನ ಬೆರಳು ಗುರುತು ಹಿಡಿಯುವುದನ್ನು ಬಿಟ್ಟಿತು.

ಬಣ್ಣಕ್ಕೆ ಅಂತ ಶೆಡ್ಡಿನ ಸುತ್ತ ಟಾರ್ಪಾಲು ಕಟ್ಟಿ ನೆಲಕ್ಕೆ ನೀರು ಚಿಮುಕಿಸಿದೆ. ಕಂಪ್ರೆಸರ್ 2 ಎಚ್‌ಪಿದು. ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಹಾಕದಿದ್ದರೆ ಗನ್ನಿನಿಂದ ಬಣ್ಣದ ಜೊತೆ ಹನಿಯೂ ಉಗುಳುತ್ತದೆ. ನಾನು ಮರೆತದ್ದು ನೀರನ್ನಲ್ಲ, ಗಾಳಿಯನ್ನು. ಮೂರನೇ ಕೋಟಿನ ದಿನ ಗಾಳಿ ಮಂಡಕ್ಕಿ ಭಟ್ಟಿಗಳ ಕಡೆಯಿಂದ ತಿರುಗಿತು. ಸುಟ್ಟ ಹೊಟ್ಟಿನ ಮಸಿ, ಸಾಸಿವೆಗಿಂತ ಸಣ್ಣದು, ಟಾರ್ಪಾಲಿನ ಸಂದಿಯಲ್ಲಿ ಬಂದು ಬಾನೆಟ್ಟಿನ ಮೇಲೆ ಕೂತಿತು. ಸಂಜೆ ಮಿರ್ಚಿ ಜೊತೆ ಅದೇ ಮಂಡಕ್ಕಿ ತಿನ್ನುತ್ತಾ ಯಾರನ್ನು ಬೈಯುವುದು? ಮಾರನೇ ದಿನ 1000ರ ಪೇಪರಿನಲ್ಲಿ ಮಸಿ ಕೆರೆದು, ಆಮೇಲಿಂದ ಬೆಳಗಿನ ಆರರಿಂದ ಎಂಟರೊಳಗೆ ಮಾತ್ರ ಗನ್ ಹಿಡಿದೆ. ಒಟ್ಟು ಎಂಟು ಕೋಟು. ಬಣ್ಣಕ್ಕಿಂತ ತಿನ್ನರಿಗೇ ಜಾಸ್ತಿ ದುಡ್ಡು ಹೋಯ್ತು.

ಎನ್‌ಸಿ ಗನ್ನಿನಿಂದ ಬಂದಾಗ ಮಂಕಾಗಿರುತ್ತದೆ, ಹೆದರಬೇಡಿ. ಮೂರು ವಾರ ಹಾಗೇ ಬಿಟ್ಟು, 2000ರ ಪೇಪರ್, ಆಮೇಲೆ ಕಂಪೌಂಡ್ ಹಾಕಿ ಕೈಯಲ್ಲೇ ತಿಕ್ಕಿದೆ. ಅಂಚುಗಳಲ್ಲಿ ಮಾತ್ರ ತಿಕ್ಕಬಾರದು, ಅಲ್ಲಿ ಬಣ್ಣ ತೆಳುವು, ಪ್ರೈಮರ್ ಇಣುಕಿಬಿಡುತ್ತದೆ. ಎರಡು ಕಡೆ ಇಣುಕಿದೆ. ಎಲ್ಲಿ ಅಂತ ಹೇಳಲ್ಲ.

ಜನವರಿ

ಚಾಸಿ ಕಡೆ ತಿರುಗಿದೆ. ಬ್ರೇಕ್ ಸಿಲಿಂಡರ್, ರಬ್ಬರ್, ಪೈಪು ಎಲ್ಲಾ ಹೊಸದು. ಬರೆಯುವಂಥದ್ದೇನೂ ಇಲ್ಲ. ನಟ್ಟು ಬೋಲ್ಟು ಎಲ್ಲಾ ಇಂಚಿನವು. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹಾಕಿದರೆ ಕೂತ ಹಾಗೆ ಅನ್ನಿಸುತ್ತದೆ, ಜೋರು ಕೊಟ್ಟಾಗ ಮೂಲೆ ಸವೆದು ಗುಂಡಗಾಗುತ್ತದೆ. ಹಳೇ ಮಿಸ್ತ್ರಿಯೊಬ್ಬರ ಇಂಚಿನ ಸೆಟ್ ಸಾಲ ತಂದೆ.

ಬರೆಯಬೇಕಾದದ್ದು ಟ್ರನಿಯನ್ ಬಗ್ಗೆ. ಈ ಗಾಡಿಯಲ್ಲಿ ಮುಂದಿನ ಚಕ್ರ ಹಿಡಿದ ಉಕ್ಕಿನ ಕಂಬ ಕೆಳಗಡೆ ಒಂದು ಹಿತ್ತಾಳೆ ತುಂಡಿನೊಳಗೆ (ಟ್ರನಿಯನ್ ಅಂದರೆ ಅದೇ) ಸ್ಕ್ರೂ ಹಾಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಅದು ಥ್ರೆಡ್ಡಿನಲ್ಲಿ ತಿರುಗುತ್ತದೆ. ಇದಕ್ಕೆ ಗ್ರೀಸ್ ಅಲ್ಲ, ಇಪಿ 90 ಗೇರ್ ಎಣ್ಣೆ ಬಿಡಬೇಕು. ಗ್ರೀಸ್ ಥ್ರೆಡ್ಡಿನೊಳಗೆ ಇಳಿಯುವುದಿಲ್ಲ. ಒಳಗೆ ನೀರು ನಿಂತು, ತುಕ್ಕು ಹಿಡಿದು, ಒಂದು ದಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಸ್ಪಿಟ್‌ಫೈರ್ ಇಟ್ಟವರೆಲ್ಲ ಹೆದರುವ ಜಾಗ ಇದೇ. ಸಹಾಯಕ್ಕೆ ಬಂದ ಹುಡುಗ "ನಿಪ್ಪಲ್ ಐತಲ್ಲಣ್ಣ, ಗ್ರೀಸ್ ಹೊಡೆದುಬಿಡ್ತೀನಿ" ಅಂತ ಗನ್ ಹಿಡಿದು ನಿಂತಿದ್ದ. ಓಡಿಬಂದು ತಡೆದೆ.

ಹಿತ್ತಾಳೆ ತುಂಡುಗಳು ಇಂಗ್ಲೆಂಡಿನಿಂದ ಬಂದವು. ಅದರ ಬುಷ್ ಒಳಗಿನ ಉಕ್ಕಿನ ಸ್ಲೀವ್, ಅಂದರೆ ಸಣ್ಣ ಕೊಳವೆ, ಮಾತ್ರ ಕೂದಲೆಳೆಯಷ್ಟು ಉದ್ದ. ಹರಿಹರಕ್ಕೆ ಹೋದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಷೀನಿಗೆ ಹೆಸರಾದ ಕಾರ್ಖಾನೆ. ಅದು ಮುಚ್ಚಿ ಎಷ್ಟೋ ವರ್ಷವಾದರೂ ಅಲ್ಲಿ ಕೈ ಪಳಗಿಸಿದವರು ಊರಲ್ಲಿದ್ದಾರೆ. ಅಂಥ ಒಬ್ಬ ಅಜ್ಜ ಮನೆ ಮುಂದಿನ ಶೆಡ್ಡಿನಲ್ಲಿ ಲೇತ್ ಇಟ್ಟಿದ್ದಾರೆ. ಅಳತೆ ಕಡ್ಡಿ ಇಡುವ ಮೊದಲೇ ಸ್ಲೀವನ್ನು ಬೆರಳಲ್ಲಿ ಉರುಳಿಸಿ "ನಾಲ್ಕು ಪೌ ಜಾಸ್ತಿ ಐತಿ" ಅಂದರು. ಪೌ ಅಂದರೆ ಏನು ಲೆಕ್ಕ ಅಂತ ಕೇಳುವ ಧೈರ್ಯ ಬರಲಿಲ್ಲ. ತೆಗೆದು ಕೊಟ್ಟಿದ್ದು ಸರಿಯಾಗಿ ಕೂತಿತು. ಎರಡು ಟ್ರನಿಯನ್ನನ್ನೂ ಕೈಯಲ್ಲಿ ಹಿಡಿದು "ಇವು ಅದಲುಬದಲು ಆಗ್ಬಾರ್ದಪ್ಪ, ಎಡದ್ದು ಉಲ್ಟಾ ಥ್ರೆಡ್ಡು" ಅಂತ ಎಚ್ಚರಿಸಿದರು. ನಿಜ, ಎಡಗಡೆಯದು ಎಡಕ್ಕೇ ತಿರುಗುತ್ತದೆ. ದುಡ್ಡು ಕೇಳಿದ್ದು ನೂರು ರೂಪಾಯಿ.

ಫೆಬ್ರವರಿ

ಓಣಿ ಹುಡುಗರು ಎಂಟು ಜನ ಸೇರಿ ಬಾಡಿ ಎತ್ತಿ ಚಾಸಿ ಮೇಲೆ ಇಟ್ಟರು. ಮೊದಲು ಮುಂಭಾಗ, ಅದಕ್ಕೆ ಬಾಗಿಲು, ಬಾಗಿಲಿಗೆ ಸರಿಯಾಗಿ ಹಿಂಭಾಗ. ಬಲಗಡೆ ಮೊದಲ ಸಲಕ್ಕೇ ಕೂತಿತು. ಎಡಗಡೆ ಮುಚ್ಚಿದಾಗ ಹಿಂದಿನ ಸಂದಿನಲ್ಲಿ ಮೇಲೆ ಮೂರು ಬೆಂಕಿಕಡ್ಡಿ ತೂರುತ್ತಿತ್ತು, ಕೆಳಗೆ ಒಂದೂ ಇಲ್ಲ. ಚಾಚಾ ಬಂದು ನೋಡಿದರು. ಏನೂ ಅನ್ನಲಿಲ್ಲ. ಅದು ಬೈದಿದ್ದಕ್ಕಿಂತ ಜಾಸ್ತಿ ಆಯ್ತು.

ಮೂರು ವಾರ ಅದೇ ಕೆಲಸ. ಹೊಳೆಯುವ ಬಣ್ಣಕ್ಕೆ ಮಾಸ್ಕಿಂಗ್ ಟೇಪು ಸುತ್ತಿ, ಉಸಿರು ಬಿಗಿಹಿಡಿದು, ಬೋಲ್ಟು ಸಡಿಲಿಸಿ ಬಿಗಿ ಮಾಡಿ. ಬರೀ ತಗಡಿದ್ದಾಗ ಮಾಡಿದ್ದರೆ ಸುತ್ತಿಗೆ, ಸನಿಕೆ ಏನು ಬೇಕಾದರೂ ಹಾಕಬಹುದಿತ್ತು. ಕೊನೆಗೆ ಗೊತ್ತಾಗಿದ್ದು ಇಷ್ಟು: ಬಾಡಿ ಮತ್ತು ಚಾಸಿ ನಡುವಿನ ರಬ್ಬರಿನ ಜೊತೆ ಪ್ಯಾಕಿಂಗ್ ತಗಡು ಇರುತ್ತದೆ. ಹಿಂದಿನ ತುದಿಯಲ್ಲಿ ಪ್ಯಾಕಿಂಗ್ ಏರಿಸಿದರೆ ಹಿಂಭಾಗ ಮುಂದಕ್ಕೆ ವಾಲಿ ಮೇಲಿನ ಸಂದು ಚಿಕ್ಕದಾಗುತ್ತದೆ. ಅಲ್ಯೂಮಿನಿಯಂ ತಗಡು ಕತ್ತರಿಸಿ ಒಂದೊಂದಾಗಿ ಹಾಕುತ್ತಾ ಹೋದೆ. ನಾಲ್ಕನೆಯದಕ್ಕೆ ಮೇಲೆ ಎರಡು ಕಡ್ಡಿ, ಕೆಳಗೆ ಎರಡು ಕಡ್ಡಿ. ಒಂದು ಬೆರಳಲ್ಲಿ ತಳ್ಳಿದರೆ ಬಾಗಿಲು ಟಕ್ ಅಂತ ಮುಚ್ಚಿತು. ಅವತ್ತು ಸಂಜೆ ಸುಮ್ನೆ ಇಪ್ಪತ್ತು ಸಲ ತೆಗೆದು ಮುಚ್ಚಿದೆ.

ಮಾರ್ಚ್

ವೈರಿಂಗ್. ವೈರಿಗೆ ಲೂಕಾಸ್ ಕಂಪನಿಯ ಹಳೇ ಬಣ್ಣದ ಲೆಕ್ಕ ಸುಲಭ. ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್ನಿಗೆ, ಹಸಿರು ಫ್ಯೂಸ್ ದಾಟಿ ಬಂದಿದ್ದು, ಕಪ್ಪು ಅರ್ಥ್. ಹಳೇ ವೈರಿನಲ್ಲಿ ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದರಿಂದ ಹೊಸದೇ ಹಾಕಿದೆ. ಎಲ್ಲಾ ಸರಿಯಾಗಿ ಜೋಡಿಸಿ ಸ್ವಿಚ್ ಹಾಕಿದರೆ ಒಂದು ದೀಪವೂ ಸರಿಯಾಗಿ ಹತ್ತಲಿಲ್ಲ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುತ್ತದೆ. ಅರ್ಧ ದಿನ ಮೀಟರ್ ಹಿಡಿದು ಒದ್ದಾಡಿದ ಮೇಲೆ ಹೊಳೆಯಿತು. ಅರ್ಥ್ ಬೋಲ್ಟು ಕೂರುವ ಜಾಗಕ್ಕೂ ಎಂಟು ಕೋಟು ಬಣ್ಣ! ಕರೆಂಟು ವಾಪಸ್ ಹೋಗಲು ದಾರಿಯೇ ಇಲ್ಲ. ನಾನೇ ಮುದ್ದಾಗಿ ಹೊಡೆದ ಬಣ್ಣವನ್ನು ಆರು ಕಡೆ ನಾನೇ ಕೆರೆದೆ.

ಇಂಜಿನ್ ಮೊದಲ ಸಲ ಸ್ಟಾರ್ಟ್ ಆಗುವ ಬದಲು ಕಾರ್ಬುರೇಟರಿನಿಂದ ಢಂ ಅಂದಿತು. ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ಉಲ್ಟಾ ಕೂರಿಸಿದ್ದೆ. ಸರಿಮಾಡಿದ ಮೇಲೆ ಹಿಡಿಯಿತು. ಪಕ್ಕದ ಮನೆಯವರು ದೀಪಾವಳಿ ಯಾವಾಗ ಅಂತ ಕೇಳಿದರು.

ಯುಗಾದಿ ಆದ ಮೇಲಿನ ಭಾನುವಾರ

ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಆರಕ್ಕೆ ಸೀರೆ ಉಟ್ಟು ರೆಡಿ. ಗಾಡಿ ನೋಡಿ "ಬಣ್ಣ ಇದೇ ಇತ್ತು" ಅಂದರು. ಹಳೇ ಪಿ.ಬಿ. ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ಕುಂದುವಾಡ ಕೆರೆ ಏರಿ ಹತ್ತಿರ ಐದು ನಿಮಿಷ ನಿಲ್ಲಿಸಿ ವಾಪಸ್ ಬಂದೆವು. ಎರಡನೇ ಗೇರು ಸ್ವಲ್ಪ ಕಿರುಗುಟ್ಟುತ್ತದೆ. ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತು. ತಿರುವಿನಲ್ಲಿ ಗಾಡಿ ಎಷ್ಟು ಚಿಕ್ಕ ಜಾಗದಲ್ಲಿ ತಿರುಗುತ್ತದೆ ಅಂದರೆ ಆಟೋದವನೊಬ್ಬ ನಿಂತು ನೋಡಿದ.

ಮನೆ ಮುಂದೆ ಇಳಿದ ದೊಡ್ಡಮ್ಮ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ಜೋರಾಗಿ ಹಾಕಿದರು. ಖಣ್ ಅಂತು.

"ದೊಡ್ಡಮ್ಮ, ಎತ್ತಬೇಡ್ರಿ!"

"ಎತ್ತದೆ ಹೆಂಗೆ ಮುಚ್ಚುತ್ತೋ? ಹೊಸ ಗಾಡಿ ತಂದಾಗಿಂದ ಈ ಕಡೆ ಬಾಗಿಲು ಎತ್ತಿಯೇ ಹಾಕ್ಬೇಕು. ನಿಮ್ ದೊಡ್ಡಪ್ಪ ಎಷ್ಟು ಸಲ ಹೇಳಿಕೊಟ್ಟಿದ್ರು."

ಬಾಗಿಲಿನ ಮೇಲಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಹಾರಿದೆ. ಡಬ್ಬಿಯಲ್ಲಿ ಕಾಲು ಲೀಟರ್ ನೀಲಿ ಉಳಿದಿದೆ. ಮುಂದಿನ ಭಾನುವಾರ ಮತ್ತೆ ಹೋಗೋಣ ಅಂದಿದ್ದಾರೆ, ಹಾಗಾಗಿ ಟಚಪ್ ಈಗಲೇ ಮಾಡುತ್ತಿಲ್ಲ.