ದೇವರ ಪರವಾಗಿ ಸುಳ್ಳು ಬೇಡ

ನಮ್ಮ ಚರ್ಚಿನ ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಮೊನ್ನೆ ಡಾರ್ವಿನ್ನನ ಕಥೆ ಮತ್ತೆ ಬಂತು. ಕೊನೆಗಾಲದಲ್ಲಿ ಹಾಸಿಗೆಯಲ್ಲಿ ಕೂತು ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಇಬ್ರಿಯರಿಗೆ ಬರೆದ ಪತ್ರ ಓದುತ್ತಿದ್ದನಂತೆ, ವಿಕಾಸವಾದ ಬರೆದದ್ದಕ್ಕೆ ನೊಂದುಕೊಂಡು ಯೇಸುವನ್ನು ಕೊಂಡಾಡಿದನಂತೆ. ಕೆಳಗೆ ಸಾಲುಗಟ್ಟಿ ಆಮೆನ್. ನಾನು ಧಾರವಾಡದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು, ಯೇಸುವನ್ನು ನನ್ನ ಕರ್ತನೆಂದು ನಂಬಿದವಳು. ಎರಡೂ ಕಾರಣಕ್ಕೆ ಸುಮ್ಮನಿರಲಾಗಲಿಲ್ಲ. ಇದು ನಿಜವಲ್ಲ ಎಂದು ಅಲ್ಲೇ ಬರೆದೆ.

ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್‌ನಲ್ಲಿ. ಈ ಕಥೆ ಅಚ್ಚಾದದ್ದು 1915ರಲ್ಲಿ, ಅಮೆರಿಕದ ಬ್ಯಾಪ್ಟಿಸ್ಟರ ಪತ್ರಿಕೆಯೊಂದರಲ್ಲಿ, ಲೇಡಿ ಹೋಪ್ ಎಂಬ ಸುವಾರ್ತಾ ಪ್ರಚಾರಕಿಯ ಹೆಸರಿನಲ್ಲಿ. ಡಾರ್ವಿನ್ನನ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಇದನ್ನು ಬರೆದೇ ಅಲ್ಲಗಳೆದಳು: ಅಪ್ಪ ಸಾಯುವಾಗ ನಾನು ಪಕ್ಕದಲ್ಲಿದ್ದೆ, ಆ ಕಾಯಿಲೆಯ ದಿನಗಳಲ್ಲಿ ಲೇಡಿ ಹೋಪ್ ಅಲ್ಲಿರಲಿಲ್ಲ, ಅಪ್ಪ ತಮ್ಮ ವಿಜ್ಞಾನದ ಯಾವ ಮಾತನ್ನೂ ಎಂದೂ ಹಿಂದೆಗೆದುಕೊಳ್ಳಲಿಲ್ಲ, ಎಂದು. ಇಷ್ಟಾಗಿಯೂ ನಮ್ಮವರು ನೂರು ವರ್ಷದಿಂದ ಹಂಚುತ್ತಲೇ ಇದ್ದಾರೆ.

ಸಂಜೆ ಸಭೆಯ ಹಿರಿಯರೊಬ್ಬರು ಫೋನ್ ಮಾಡಿದರು. "ಯಾರಿಗೂ ಕೇಡಾಗದ ಕಥೆ, ನಾಲ್ಕು ಜನರ ನಂಬಿಕೆ ಗಟ್ಟಿಯಾದರೆ ನಿಮಗೇನು ಕಷ್ಟ?" ಅಂದರು. ಅವರಿಗೆ ಸತ್ಯವೇದದ ಯೋಬನ ಪುಸ್ತಕದ ಹದಿಮೂರನೆಯ ಅಧ್ಯಾಯ ಓದಿ ಹೇಳಿದೆ. ಮಕ್ಕಳನ್ನು ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಮುಂದೆ ಗೆಳೆಯರು ದೇವರನ್ನು ಸಮರ್ಥಿಸಲು ನಿಂತಾಗ ಅವನು ಕೇಳುವ ಪ್ರಶ್ನೆ ಅದು: ದೇವರ ಪರವಾಗಿ ನೀವು ಸುಳ್ಳಾಡುತ್ತೀರಾ? ಪುಸ್ತಕದ ಕೊನೆಗೆ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ಇಡೀ ಸತ್ಯವೇದದಲ್ಲಿ ನನ್ನನ್ನು ಇಷ್ಟು ಹೆದರಿಸುವ ಭಾಗ ಇನ್ನೊಂದಿಲ್ಲ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ದೇವರನ್ನು ನಂಬುವವರಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಎಚ್. ನರಸಿಂಹಯ್ಯನವರ ಗಾಳಿ ತಾಗಿದವರು. ಎಚ್.ಎನ್. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದನ್ನು ಸರ್ ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ನನ್ನ ತಾಯಿ ತೀರಿಕೊಂಡಾಗ ಮಣ್ಣಿಗೆ ಬಂದಿದ್ದರು. ಕೀರ್ತನೆಗೆ ಎದ್ದು ನಿಂತರು, ಪ್ರಾರ್ಥನೆಗೆ ಕಣ್ಣು ಮುಚ್ಚಲಿಲ್ಲ. ನಮ್ಮವರಲ್ಲಿ ಒಬ್ಬಿಬ್ಬರಿಗೆ ಅದು ಸರಿಬರಲಿಲ್ಲ. ನನಗೆ ಮಾತ್ರ ಅವರು ಮುಚ್ಚಿದ್ದರೇ ಬೇಸರವಾಗುತ್ತಿತ್ತು. ನಂಬದ ಮನುಷ್ಯನಿಂದ ನಂಬಿದ ನಟನೆ ಯಾಕೆ ಬೇಕು?

ಡಾರ್ವಿನ್ನನ ಸುಳ್ಳು ಕಥೆಯ ಮೇಲಿನ ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಅದು ನಿಜವಾದ ಕಥೆಯನ್ನು ಮುಚ್ಚಿಬಿಟ್ಟಿದೆ. ಅವನ ಹೆಂಡತಿ ಎಮ್ಮಾ ಭಕ್ತೆ. 1839ರ ಜನವರಿಯಲ್ಲಿ ಮದುವೆಯಾಯಿತು. ಹೆಚ್ಚು ದಿನ ಕಳೆಯುವ ಮೊದಲೇ ಅವಳು ಗಂಡನಿಗೊಂದು ಪತ್ರ ಬರೆದಳು. ನೀನು ಪ್ರಾಮಾಣಿಕವಾಗಿ ಸತ್ಯವನ್ನು ಹುಡುಕುತ್ತಿರುವವರೆಗೆ ತಪ್ಪು ದಾರಿಯಲ್ಲಿರಲಾರೆ ಎನ್ನುತ್ತಾಳೆ. ಆದರೆ ಪುರಾವೆ ಸಿಗುವವರೆಗೆ ಏನನ್ನೂ ಒಪ್ಪದ ವಿಜ್ಞಾನದ ರೂಢಿ, ಆ ರೀತಿ ಸಾಬೀತಾಗದ ಸಂಗತಿಗಳ ಮೇಲೂ ಹರಡಿಬಿಟ್ಟೀತೇ ಎಂದೂ ಕೇಳುತ್ತಾಳೆ. ನಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಎಂದು ತಿಳಿದರೆ ತನಗೆ ತಾಳಲಾಗದ ದುಃಖ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಬೆದರಿಕೆಯಿಲ್ಲ, ಉಪದೇಶವಿಲ್ಲ. ಡಾರ್ವಿನ್ ಆ ಪತ್ರವನ್ನು ಜೋಪಾನವಾಗಿಟ್ಟುಕೊಂಡ. ನಾನು ಸತ್ತ ಮೇಲೆ ತಿಳಿದುಕೋ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟಿದ್ದೇನೆ, ಇದರ ಮೇಲೆ ಅತ್ತಿದ್ದೇನೆ ಎಂದು ಅದರ ಮೇಲೇ ಬರೆದಿಟ್ಟ. ಅವನು ಅವಳ ನಂಬಿಕೆಗೆ ಬರಲಿಲ್ಲ. ಅವಳು ತನ್ನದನ್ನು ಬಿಡಲಿಲ್ಲ. ಮೂರು ಮಕ್ಕಳನ್ನು ಮಣ್ಣು ಮಾಡಿ, ಏಳು ಮಕ್ಕಳನ್ನು ಬೆಳೆಸಿ ನಲವತ್ತಮೂರು ವರ್ಷ ಬಾಳಿದರು. ಇದನ್ನು ಬಿಟ್ಟು ಲೇಡಿ ಹೋಪಳ ಕಥೆ ಯಾರಿಗೆ ಬೇಕು!

ನಮ್ಮ ಹಿತ್ತಲ ಕರಿಬೇವಿನ ಗಿಡದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಚಿಟ್ಟೆಯ ಹುಳುಗಳು ಬರುತ್ತವೆ, ಎಲೆಯಷ್ಟೇ ಹಸಿರು. ಒಮ್ಮೆ ಸರ್ ಬಂದಾಗ ಅಂಥದ್ದೊಂದು ಹುಳು ಅಲ್ಲಾಡದೆ ಕೂತಿತ್ತು, ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಗೂಡುಗಳು ಅಂಟಿಕೊಂಡಿದ್ದವು. ಪರಾವಲಂಬಿ ಕಣಜದ ಮರಿಗಳು ಹುಳುವಿನ ಹೊಟ್ಟೆಯೊಳಗೆ ತಿಂದು ಬೆಳೆದು, ಚರ್ಮ ಕೊರೆದು ಹೊರಬಂದು ನೇಯ್ದುಕೊಂಡ ಗೂಡುಗಳು. ಹುಳು ಇನ್ನೂ ಜೀವಂತವಾಗಿತ್ತು. "ಇದನ್ನು ನಿಮ್ಮ ದೇವರು ಬೇಕೆಂದೇ ಮಾಡಿದನೇ?" ಅಂದರು ಸರ್. 1860ರಲ್ಲಿ ಡಾರ್ವಿನ್ ತನ್ನ ಗೆಳೆಯ, ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದದ್ದೂ ಇಂಥದೇ ಕಣಜಗಳ ಬಗ್ಗೆ, ಇದೇ ಪ್ರಶ್ನೆ. ಗ್ರೇ ಗಟ್ಟಿ ಕ್ರೈಸ್ತ, ವಿಕಾಸವಾದವನ್ನು ಅಮೆರಿಕದಲ್ಲಿ ಎತ್ತಿಹಿಡಿದವನೂ ಅವನೇ. ಸೃಷ್ಟಿಯೆಲ್ಲ ಪ್ರಸವವೇದನೆಯಿಂದ ನರಳುತ್ತಿದೆ ಎಂದು ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ರೋಮಾದವರಿಗೆ ಬರೆದದ್ದನ್ನು ನಾನು ನಂಬುತ್ತೇನೆ, ಸರ್‌ಗೆ ಹಾಗೆಯೇ ಹೇಳಿದೆ. ಆದರೆ ಆ ಹುಳುವಿಗೆ ಅದು ಉತ್ತರವಲ್ಲ ಎಂದೂ ಹೇಳಿದೆ.

ಇದಕ್ಕಿಂತ ಕಷ್ಟವಾದದ್ದು ಅವರ ತಂದೆಯ ವಿಷಯ. ಹಳ್ಳಿ ಶಾಲೆಯ ಮಾಸ್ತರರು, 1972ರ ಬರದಲ್ಲಿ ಮನೆಯ ಜೋಳ ತೆಗೆದು ಶಾಲೆಯ ಮಕ್ಕಳಿಗೆ ರೊಟ್ಟಿ ಹಾಕಿಸಿದವರು, ಯಾವ ಗುಡಿಗೂ ಹೋಗದವರು. "ಅಪ್ಪ ನರಕದಲ್ಲಿದ್ದಾರೆಯೇ?" ಎಂದು ಸರ್ ನೇರವಾಗಿ ಕೇಳಿದರು. ತೀರ್ಪು ನನ್ನ ಕೈಯಲ್ಲಿಲ್ಲ, ತೀರ್ಪು ಕೊಡುವವನು ಶಿಲುಬೆಯ ಮೇಲೆ ತನ್ನನ್ನು ಕೊಂದವರಿಗೆ ಕ್ಷಮೆ ಬೇಡಿದವನು, ನಿಮ್ಮ ತಂದೆಯನ್ನು ಆ ಕೈಗೆ ಬಿಡಲು ನನಗೆ ಭಯವಿಲ್ಲ ಎಂದೆ. ಅವರಿಗೆ ಅದು ಸಾಲಲಿಲ್ಲ. ನಾನು ಬಲವಂತ ಮಾಡಲಿಲ್ಲ.

ಹಾಗಂತ ನನ್ನ ನಂಬಿಕೆಯನ್ನು ತೆಳು ಮಾಡಿ ಅವರ ಮುಂದಿಡುವುದಿಲ್ಲ. ಯೇಸು ಸತ್ತು ಎದ್ದು ಬಂದನು ಎಂದು ನಂಬುತ್ತೇನೆ, ರೂಪಕವಾಗಿ ಅಲ್ಲ. ಎದ್ದಿಲ್ಲವಾದರೆ ನಮ್ಮ ಪ್ರಸಂಗವೂ ನಿಮ್ಮ ನಂಬಿಕೆಯೂ ವ್ಯರ್ಥ ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ, ಘಟನೆಯ ಸುಮಾರು ಇಪ್ಪತ್ತೈದು ವರ್ಷದೊಳಗೆ, ನೋಡಿದವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದು ಹೇಳಿ. ಯೇಸುವಿನ ಬರಿದಾದ ಸಮಾಧಿಯಲ್ಲಿ ಕಂಡವನು ಮಾರ್ಕನ ಸುವಾರ್ತೆಯಲ್ಲಿ ಒಬ್ಬ ಯೌವನಸ್ಥ, ಲೂಕನ ಸುವಾರ್ತೆಯಲ್ಲಿ ಇಬ್ಬರು ಪುರುಷರು. ಆ ವ್ಯತ್ಯಾಸವನ್ನೂ ನಾನೇ ತೆಗೆದು ತೋರಿಸಿದ್ದೇನೆ. ಪುರಾವೆ ಸಾಲದು ಅನ್ನುತ್ತಾರೆ ಸರ್. ನನಗೆ ಸಾಕು ಅನ್ನುತ್ತೇನೆ. ತಾಯಿಯ ಕೊನೆಯ ರಾತ್ರಿ ನಾನು ಇಪ್ಪತ್ತಮೂರನೆಯ ಕೀರ್ತನೆ ಹೇಳುತ್ತಿದ್ದಾಗ ಆ ಕೋಣೆಯಲ್ಲಿ ನಾವಿಬ್ಬರೇ ಇರಲಿಲ್ಲ ಎಂಬುದು ನನಗೆ ಗೊತ್ತು. ಅದನ್ನು ಅವರ ಮುಂದೆ ಪುರಾವೆಯೆಂದು ಇಡುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಈಗ ಸರ್ ಅವರನ್ನು ನಮ್ಮ ಯುವಜನರ ಕೂಟಕ್ಕೆ ಕರೆಯಬೇಕೆಂದಿದ್ದೇನೆ. ತಾನು ಯಾಕೆ ನಂಬುವುದಿಲ್ಲ ಎಂದು ಅವರು ಹೇಳಲಿ, ಹುಡುಗರು ಅವರ ಬಾಯಿಂದಲೇ ಕೇಳಲಿ. ನಮ್ಮ ಪಾದ್ರಿ ಅಯ್ಯನವರು ಒಪ್ಪಿದ್ದಾರೆ, ಕಮಿಟಿಯಲ್ಲಿ ಇಬ್ಬರು ಇನ್ನೂ ಒಪ್ಪಿಲ್ಲ. ಕೊನೆಯಲ್ಲಿ ಅವರನ್ನು ಮುಂದೆ ನಿಲ್ಲಿಸಿ ಮನಪರಿವರ್ತನೆಗೆ ಪ್ರಾರ್ಥನೆ ಮಾಡಿಸಬೇಕು ಎಂದು ಆ ಇಬ್ಬರ ಷರತ್ತು. ಅದಾಗುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಅವರಿಗಾಗಿ ನಾನು ದಿನಾ ಪ್ರಾರ್ಥಿಸುತ್ತೇನೆ, ಅದು ಅವರಿಗೂ ಗೊತ್ತು. ಅದಕ್ಕೆ ವೇದಿಕೆ ಬೇಕಾಗಿಲ್ಲ.