ಎಡಬಲಗಳ ನಡುವಿನ ಸಣ್ಣ ಅಂತರ

ನಮ್ಮ ದೇಹದ ಎರಡೂ ಬದಿಗಳು ಒಂದೇ ವಂಶವಾಹಿಗಳ ನಿರ್ದೇಶನದಲ್ಲಿ ಬೆಳೆಯುತ್ತವೆ. ಆದರೂ ಎರಡು ಕಿವಿಗಳ ಎತ್ತರವನ್ನೋ ಎರಡು ತೋರುಬೆರಳುಗಳ ಉದ್ದವನ್ನೋ ಸೂಕ್ಷ್ಮವಾಗಿ ಅಳೆದರೆ ಅವು ಪೂರ್ತಿ ತಾಳೆಯಾಗುವುದು ಅಪರೂಪ. ಹೃದಯ ಎಡಕ್ಕೆ, ಯಕೃತ್ತು ಬಲಕ್ಕೆ ಇರುವಂಥ ನಿಗದಿತ ಅಸಮತೆಯಲ್ಲ ಇದು. ಯಾವ ಬದಿ ದೊಡ್ಡದಾಗುವುದೆಂದು ಮೊದಲೇ ಹೇಳಲಾಗದಂತೆ ಬೆಳವಣಿಗೆಯ ಹಾದಿಯಲ್ಲಿ ನುಸುಳಿದ ವ್ಯತ್ಯಾಸ. ಅಪೌಷ್ಟಿಕತೆ, ಸೋಂಕು, ವಿಷವಸ್ತುಗಳಂಥ ಒತ್ತಡಗಳು ಇದನ್ನು ಹೆಚ್ಚಿಸುತ್ತವೆಯೇ ಎಂಬುದನ್ನು ಜೀವವಿಜ್ಞಾನಿಗಳು ದಶಕಗಳಿಂದ ಪರೀಕ್ಷಿಸುತ್ತಿದ್ದಾರೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಹಾರ್ಮೋನುಗಳ ಪಾತ್ರ. ರಕ್ತದಲ್ಲಿ ಹರಿಯುವ ಈಸ್ಟ್ರೋಜನ್ ಎರಡೂ ಬದಿಗಳನ್ನು ತಲುಪುತ್ತದೆ. ಆದರೂ ಹರೆಯದ ಆರಂಭದಲ್ಲಿ ಹುಡುಗಿಯರ ಒಂದು ಸ್ತನ ಇನ್ನೊಂದಕ್ಕಿಂತ ಮುಂಚೆಯೇ ಬೆಳೆಯತೊಡಗುವುದು ಸಾಮಾನ್ಯ, ಹುಡುಗರಲ್ಲೂ ಕೆಲವರಿಗೆ ಒಂದೇ ಬದಿಯ ಎದೆ ತಾತ್ಕಾಲಿಕವಾಗಿ ಉಬ್ಬುತ್ತದೆ. ಸಂದೇಶ ಒಂದೇ ಆದರೂ ಅದಕ್ಕೆ ಸ್ಪಂದಿಸುವ ಅಂಗಾಂಶದ ಸಂವೇದನೆ ಎರಡು ಬದಿಗಳಲ್ಲಿ ಬೇರೆಬೇರೆಯಾಗಿರಬಲ್ಲದು. ಇದು ತಿಳಿಯದೆ ಮಕ್ಕಳು ಯಾರ ಬಳಿಯೂ ಹೇಳಿಕೊಳ್ಳಲಾಗದೆ ಒಳಗೊಳಗೇ ಹೆದರುತ್ತಾರಲ್ಲ, ಆ ಹೆದರಿಕೆ ನನಗೆ ನಿಜಕ್ಕೂ ನೋವು ತರುತ್ತದೆ. ಶಾಲೆಯ ಪಾಠದಲ್ಲಿ ಇದಕ್ಕೆ ಎರಡು ಸಾಲಾದರೂ ಇರಬೇಕು.

1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಡೋತ್ಪತ್ತಿಯ ಸುಮಾರಿಗೆ ಸ್ತ್ರೀಯರ ಮೃದು ಅಂಗಾಂಶಗಳ ಅಸಮತೆ ತಗ್ಗುತ್ತದೆಂದು ಹೇಳಿತ್ತು. ಕುತೂಹಲಕರವೇ ಸರಿ, ಆದರೆ ಅಂತರವು ಮಿಲಿಮೀಟರಿನ ಭಾಗದಷ್ಟೇ ಇರುವಾಗ ಅಳತೆಯ ದೋಷವೂ ಅಷ್ಟೇ ಇರಬಹುದಾದ್ದರಿಂದ, ಈ ಕ್ಷೇತ್ರದಲ್ಲಿ ಎಚ್ಚರಿಕೆಯಿಂದ ಕೆಲಸ ಮಾಡುವವರು ಪ್ರತಿಯೊಂದು ಬದಿಯನ್ನೂ ಮತ್ತೆ ಮತ್ತೆ ಅಳೆದು, ಆ ದೋಷವನ್ನು ಲೆಕ್ಕಕ್ಕೆ ತಂದುಕೊಂಡ ಮೇಲೆಯೇ ಅಸಮತೆಯ ಮಾತೆತ್ತುತ್ತಾರೆ.